ಅವಳಿಗರ್ಭವೂ ಸಕಾಲದ ಪರೀಕ್ಷೆಯೂ

ಅವಳಿಗರ್ಭಗಳೆಲ್ಲ ಒಂದೇ ಬಗೆಯವಲ್ಲವೆಂಬ ಸಂಗತಿಯನ್ನು ವಿದ್ಯಾವಂತರಲ್ಲಿಯೂ ಅನೇಕರು ಅರಿತಿಲ್ಲ. ಹೆಚ್ಚಿನ ಅವಳಿಗಳಿಗೆ ಬೇರೆ ಬೇರೆ ಮಾಸುಗಳಿರುತ್ತವೆ. ಸುಮಾರು ಐದರಲ್ಲಿ ಒಂದು ಅವಳಿಗರ್ಭದಲ್ಲಿ ಎರಡು ಶಿಶುಗಳೂ ಒಂದೇ ಮಾಸಿನಿಂದ ಪೋಷಣೆ ಪಡೆಯುತ್ತವೆ. ಇವುಗಳ ರಕ್ತನಾಳಗಳು ಆ ಮಾಸಿನಲ್ಲಿ ಒಂದಕ್ಕೊಂದು ಕೂಡಿಕೊಂಡಿರುವುದು ಸಹಜವೇ ಆಗಿದೆ. ಆದರೆ ಇಂಥ ಗರ್ಭಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಈ ಕೊಡುಕೊಳುವಿಕೆಯು ಸಮತೂಕ ತಪ್ಪಿ, ಒಂದು ಶಿಶುವಿನ ರಕ್ತವು ಮತ್ತೊಂದಕ್ಕೆ ಹರಿದುಹೋಗುತ್ತದೆ. ಕೊಟ್ಟ ಶಿಶುವು ಕೃಶವಾಗಿ ಅದರ ಸುತ್ತಣ ಗರ್ಭಜಲವು ಬತ್ತುತ್ತದೆ. ಪಡೆದ ಶಿಶುವಿಗಾದರೂ ಲಾಭವಾಯಿತೆ ಎಂದರೆ ಅದೂ ಇಲ್ಲ. ಅಧಿಕ ರಕ್ತದ ಭಾರದಿಂದ ಅದರ ಹೃದಯವೇ ಸೋಲುತ್ತದೆ. ರೋಗವು ತೀವ್ರವಾಗಿ, ಚಿಕಿತ್ಸೆಯೂ ದೊರೆಯದೆ ಹೋದರೆ ಎರಡೂ ಶಿಶುಗಳು ಅಳಿಯುವುದೇ ಹೆಚ್ಚು.

ಇದಕ್ಕೆ ಚಿಕಿತ್ಸೆಯುಂಟು. ಗರ್ಭಾಶಯದೊಳಕ್ಕೆ ತೆಳ್ಳನೆಯ ದರ್ಶಕನಳಿಕೆಯನ್ನು ಹೊಗಿಸಿ, ಕೂಡಿದ ನಾಳಗಳನ್ನು ಕಣ್ಣಾರೆ ಕಂಡು, ಲೇಸರ್ ಕಿರಣದಿಂದ ಸುಟ್ಟು ಮುಚ್ಚುವ ಕ್ರಮವನ್ನು ಅಮೆರಿಕದ ವೈದ್ಯ ಜೂಲಿಯನ್ ಡಿ ಲಿಯಾ ಅವರು 1990ರಲ್ಲಿ ವರದಿಮಾಡಿದರು. ಹೆಚ್ಚಾದ ಗರ್ಭಜಲವನ್ನು ಸೂಜಿಯಿಂದ ತೆಗೆಯುವ ಹಳೆಯ ಉಪಾಯದೊಡನೆ ಇದನ್ನು ಹೋಲಿಸಿ ನೋಡಿದ ಯುರೋಪಿನ ಪರೀಕ್ಷೆಯೊಂದರ ಫಲಿತಾಂಶವು 2004ರಲ್ಲಿ ಪ್ರಕಟವಾಯಿತು. 142 ಗರ್ಭಿಣಿಯರು ಅದರಲ್ಲಿ ಸೇರಿದ್ದರು. ಒಂದು ಶಿಶುವಾದರೂ ಜನಿಸಿ 28 ದಿನಗಳ ತನಕ ಉಳಿದುದು ಲೇಸರಿನ ಪಂಗಡದಲ್ಲಿ ನೂರಕ್ಕೆ 76, ಮತ್ತೊಂದರಲ್ಲಿ 56. ನೀರೊಡೆದು ಅಕಾಲಪ್ರಸವವಾಗುವ ಭಯವು ಈ ಶಸ್ತ್ರಕ್ರಿಯೆಯಲ್ಲಿಯೂ ಇದ್ದೇ ಇದೆ.

ನಮ್ಮ ದೇಶದ ಕೆಲವು ದೊಡ್ಡ ನಗರಗಳಲ್ಲಿ ಈ ಚಿಕಿತ್ಸೆಯು ಇಂದು ದೊರೆಯುತ್ತದೆ. ತಾಲ್ಲೂಕಿಗೊಂದು ಇಂಥ ಶಸ್ತ್ರಾಲಯ ಬೇಕೆಂದು ನಾವು ಕೇಳುವುದಿಲ್ಲ. ನಾವು ಕೇಳುವುದು ಸ್ಕ್ಯಾನಿಂಗ್ ವರದಿಯಲ್ಲಿ ಒಂದು ಸಾಲನ್ನು ಮಾತ್ರ: ಮಾಸು ಒಂದೋ ಎರಡೋ? ಇದು ಸ್ಪಷ್ಟವಾಗಿ ಕಾಣುವುದು 14 ವಾರಗಳೊಳಗೆ. ಅನಂತರ ಹೇಳುವುದು ಕಷ್ಟ. ಒಂದೇ ಮಾಸೆಂದು ತಿಳಿದರೆ 16ನೆಯ ವಾರದಿಂದ ಎರಡು ವಾರಗಳಿಗೊಮ್ಮೆ ನೋಡಬೇಕು. ಲೇಸರಿಗೆ ತಕ್ಕ ಕಾಲವು ಸಾಮಾನ್ಯವಾಗಿ 16ರಿಂದ 26 ವಾರಗಳವರೆಗೆ ಮಾತ್ರ.

ಲಿಂಗಪತ್ತೆಯನ್ನು ತಡೆಯುವ 1994ರ ಕಾಯಿದೆಯ ಮೇರೆಗೆ ಪ್ರತಿ ಗರ್ಭಿಣಿಯ ಸ್ಕ್ಯಾನಿಂಗಿಗೂ ದಾಖಲೆ ಬರೆದಿಡಲೇಬೇಕು. ಅಷ್ಟು ಬರೆಯುವ ಕೈಗೆ ವರದಿಯಲ್ಲಿ ಇನ್ನೊಂದು ಸಾಲು ಭಾರವಾಗಲಾರದು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರದವರು ನಡೆಸುತ್ತಿರುವ ಉಚಿತ ತಪಾಸಣೆಯು ಪ್ರಶಂಸನೀಯವೇ. ಆದರೆ ಅದನ್ನು ಏರ್ಪಡಿಸಿರುವುದು ನಾಲ್ಕನೆಯ ತಿಂಗಳಿಂದ ಮೇಲ್ಪಟ್ಟವರಿಗೆ. ಮಾಸನ್ನು ಎಣಿಸುವ ಕಾಲವು ಅಷ್ಟರಲ್ಲಿ ಜಾರಿಹೋಗುತ್ತದೆ. ಮೂರನೆಯ ತಿಂಗಳ ಸ್ಕ್ಯಾನಿಂಗನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡಿಸಿ, ಒಂದೇ ಮಾಸಿನ ಅವಳಿಗಳಿದ್ದವರನ್ನು ನಗರಕ್ಕೆ ಕಳುಹಿಸುವ ಖರ್ಚನ್ನು ಸರಕಾರವೇ ವಹಿಸಬೇಕು.

ಅವಳಿಗರ್ಭಿಣಿಯ ಹೊಟ್ಟೆಯು ನಾಲ್ಕಾರು ದಿನಗಳಲ್ಲಿ ಬಿಗಿದು ಬೆಳೆದರೆ, ಅವಳಿಯಲ್ಲವೆ, ಹಾಗೆಯೇ ಇರುತ್ತದೆಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ಆ ದಿನವೇ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.