ಬೋರ್ಡಿನಲ್ಲಿ ಅರವತ್ತು, ಟೇಬಲ್ಲಿನಲ್ಲಿ ಸೊನ್ನೆ!

ಕನ್ನಡದ ತರುಣ ಮಿತ್ರನೇ, ಕಳೆದ ಭಾನುವಾರ ಬೆಳಿಗ್ಗೆ ನೀನು ಎಲ್ಲಿದ್ದೆ? ನಾನೇ ಹೇಳುತ್ತೇನೆ ಕೇಳು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಮುಕ್ಕಾಲು ಗಂಟೆ ಕಾಲು ನೋಯಿಸಿಕೊಂಡು ನಿಂತಿದ್ದೆ. ಒಳಗೆ ಹೋದೆ. ಕೈಮೇಲೆ ತಟ್ಟೆಗಳನ್ನು ಮೆಟ್ಟಿಲಿನ ಹಾಗೆ ಪೇರಿಸಿಕೊಂಡು ಬಂದ ಸಪ್ಲೈಯರ್‌ನ ವಿಡಿಯೋ ತೆಗೆದೆ. ದೋಸೆಯ ಫೋಟೋ ಹೊಡೆದೆ. ‘ನಮ್ಮ ಹಳೇ ಬೆಂಗಳೂರು’ ಅಂತ ಬರೆದು ಊರಿಗೆಲ್ಲ ಕಳಿಸಿದೆ. ಬಹಳ ಸಂತೋಷ. ಆದರೆ ಅದೇ ಸಪ್ಲೈಯರ್ ಬಂದು ‘ಏನ್ ಕೊಡ್ಲಿ ಸಾರ್’ ಅಂದಾಗ ನಿನ್ನ ಬಾಯಿಂದ ಬಂದದ್ದೇನು? ‘ಟೂ ಮಸಾಲಾ ದೋಸಾ, ಟೂ ಕಾಫೀ ಪ್ಲೀಸ್!’ ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ಚಿತ್ರಗಳಿಗೆ ಕಿವಿಯಿಲ್ಲದ್ದು ಅವರ ಪುಣ್ಯ.

ಇದನ್ನು ಹೇಳೋಕೆ ನೀನ್ಯಾರಯ್ಯ ಅಂತೀಯಾ? ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಓದಿದ್ದು ಪಿಯುಸಿ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ ಮತ್ತು ಹೋಟೆಲಿನ ಮೆನು ಕಾರ್ಡು, ಇವೇ ನನ್ನ ಅನ್ನ. ನಮ್ಮಪ್ಪ ಸೀಸದ ಮೊಳೆ ಒಂದೊಂದೇ ಹೆಕ್ಕಿ ‘ಉಪ್ಪಿಟ್ಟು’ ಜೋಡಿಸುತ್ತಿದ್ದರು. ಆ ಒಂದು ಪದಕ್ಕೆ ಎರಡು ಒತ್ತಕ್ಷರ, ಬೆರಳು ಸವೆಯುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಅರೆ ನಿಮಿಷದ ಕೆಲಸ. ಕಷ್ಟ ಹೋಯಿತು. ಕಷ್ಟದ ಜೊತೆ ಉಪ್ಪಿಟ್ಟೂ ಹೋಯಿತು! ‘ಉಪ್ಮಾ’ ಬಂತು.

ಒಂದು ಹಳೆಯ ಹೋಟೆಲು, ಹೆಸರು ಬೇಡ. ನಮ್ಮಪ್ಪನ ಕಾಲದಿಂದ ನಮ್ಮ ಗಿರಾಕಿ. 2017ರಲ್ಲಿ ಮಾಲೀಕರ ಮಗ ಬಂದ. ‘ಅಣ್ಣಾ, ಈ ಸಲ ಕನ್ನಡ ಬೇಡ, ಬರೀ ಇಂಗ್ಲಿಷ್ ಹಾಕಿ, ಜಾಗ ಉಳಿಯುತ್ತೆ’ ಅಂದ. ಯಾಕಪ್ಪಾ ಅಂದೆ. ‘ಯಾರೂ ಆ ಕಡೆ ತಿರುಗಿಸಿ ನೋಡಲ್ಲ, ಕನ್ನಡದ ಹುಡುಗರೂ ನೋಡಲ್ಲ’ ಅಂದ. ನಾನು ಎದ್ದು ನಿಂತು ಜಗಳ ಆಡಿದೆ ಅಂದುಕೊಂಡೆಯಾ? ಇಲ್ಲ. ಅಡ್ವಾನ್ಸ್ ತೆಗೆದುಕೊಂಡು ಅಚ್ಚು ಹಾಕಿಕೊಟ್ಟೆ. ಮೊಸರನ್ನ ‘ಕರ್ಡ್ ರೈಸ್’ ಆಯಿತು. ಚಿತ್ರಾನ್ನ ‘ಲೆಮನ್ ರೈಸ್’ ಆಯಿತು. ಖಾಲಿ ದೋಸೆ ‘ಪ್ಲೇನ್ ದೋಸಾ’, ಉದ್ದಿನ ವಡೆ ‘ಮೆದು ವಡಾ’. ನನ್ನ ಕೈಯಾರೆ ಮಾಡಿದ ಪಾಪ ಅದು, ಒಪ್ಪಿಕೊಳ್ಳುತ್ತೇನೆ. ಆದರೆ ಆ ಹುಡುಗ ಸುಳ್ಳು ಹೇಳಿರಲಿಲ್ಲ ಅನ್ನುವುದೇ ನನ್ನನ್ನು ಇವತ್ತಿಗೂ ಸುಡುತ್ತಿದೆ.

2020ರಲ್ಲಿ ಕೊರೋನಾ ಬಂತು. ಮುಟ್ಟಬೇಡಿ ಅಂದರು, ಕಾರ್ಡೇ ಹೋಯಿತು. ಟೇಬಲ್ಲಿಗೆ ಒಂದು ಕಪ್ಪು ಚೌಕ ಅಂಟಿಸಿದರು, ಕ್ಯೂ.ಆರ್. ಕೋಡು. ಮೊಬೈಲಿನಲ್ಲಿ ಹಿಡಿದರೆ ಎಷ್ಟೋ ಕಡೆ ಬರುವುದು ಬರೀ ಇಂಗ್ಲಿಷು. ನನ್ನ ಹೊಟ್ಟೆಗೂ ಹೊಡೆತ ಬಿತ್ತು, ಅದಕ್ಕೇ ಇವನು ಕೂಗಾಡುತ್ತಿದ್ದಾನೆ ಅನ್ನು, ಪರವಾಗಿಲ್ಲ. ಮೊಬೈಲಿನ ಮೆನುವಿಗೆ ಕಾಗದದ ಖರ್ಚಿಲ್ಲ, ಜಾಗದ ಬರವಿಲ್ಲ. ಅಲ್ಲೂ ಕನ್ನಡಕ್ಕೆ ಜಾಗ ಇಲ್ಲ ಅಂದರೆ ಜಾಗ ಇಲ್ಲದಿರುವುದು ಎಲ್ಲಿ?

2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅದಕ್ಕಾಗಿ ಬೀದಿಗಿಳಿದವರು ಕೇಸು ಹಾಕಿಸಿಕೊಂಡರು, ಜೈಲು ಕಂಡರು. ಬೋರ್ಡು ಬದಲಾಯಿತು. ಆದರೆ ಬೋರ್ಡಿನ ಕೆಳಗೆ ನುಗ್ಗಿ ಒಳಗೆ ಕುಳಿತು ನೋಡು! ಕ್ಯಾಷಿಯರ್ ಕೊಡುವ ಚೀಟಿಯಲ್ಲಿ ಇಂಗ್ಲಿಷಿನ ತುಂಡಕ್ಷರ. ಹೊರಗೆ ಅರವತ್ತು, ಒಳಗೆ ಸೊನ್ನೆ. ಬೋರ್ಡಿಗೆ ಕಾನೂನು ತರಬಹುದು. ನಿನ್ನ ನಾಲಿಗೆಗೆ ಯಾವ ವಿಧಾನಸೌಧ ಕಾನೂನು ತರಬೇಕು ಮಾರಾಯ?

‘ಸಪ್ಲೈ ಹುಡುಗರೆಲ್ಲ ಬಿಹಾರ, ಅಸ್ಸಾಂ, ಒರಿಸ್ಸಾದವರು, ಕನ್ನಡ ಬರಲ್ಲ, ನಾನೇನು ಮಾಡಲಿ’ ಅಂತ ನಿನ್ನ ವಾದ. ಈ ವಾದ ಕೇಳಿ ಕೇಳಿ ಸಾಕಾಗಿದೆ. ಕುಂದಾಪುರ, ಉಡುಪಿ ಕಡೆಯ ಎಳೆ ಮಾಣಿಗಳು ಮುಂಬೈ ಬಸ್ಸು ಹತ್ತಿದಾಗ ಅವರಿಗೆ ಮರಾಠಿ ಬರುತ್ತಿತ್ತೇ? ಹಿಂದಿ ಬರುತ್ತಿತ್ತೇ? ಟೇಬಲ್ ಒರೆಸುತ್ತಲೇ ಕಲಿತರು, ಯಾಕೆಂದರೆ ಕುಳಿತ ಗಿರಾಕಿ ಆ ಭಾಷೆಯಲ್ಲಿ ಕೇಳುತ್ತಿದ್ದ. ಅದೇ ಹುಡುಗರು ಲೋಟ ತೊಳೆದ ಕೈಯಲ್ಲಿ ಮುಂಬೈನ ಕನ್ನಡ ರಾತ್ರಿ ಶಾಲೆಗೆ ಹೋಗಿ ಕನ್ನಡದಲ್ಲಿ ಓದಿದರು. ಹೋಟೆಲಿನಲ್ಲಿ ಭಾಷೆ ಕಲಿಸುವವನು ಗಿರಾಕಿ. ನಮ್ಮೂರಿಗೆ ಬಂದ ಅಸ್ಸಾಮಿನ ಹುಡುಗ ಮೊದಲ ದಿನವೇ ಕೇಳುವುದು ನಿನ್ನ ಹರುಕು ಹಿಂದಿ, ‘ಭಯ್ಯಾ ಏಕ್ ಪಾನೀ’. ಪಾಪ, ಅವನು ಅದನ್ನೇ ಬೆಂಗಳೂರಿನ ಭಾಷೆ ಅಂದುಕೊಳ್ಳುತ್ತಾನೆ. ಅವನ ಮೇಲೆ ಕೈ ಎತ್ತುವ, ದನಿ ಎತ್ತುವ ಶೂರರಿದ್ದಾರೆ. ಅದು ಹೇಡಿತನ. ಊರು ಬಿಟ್ಟು ಬಂದು ಎಂಜಲು ತಟ್ಟೆ ಎತ್ತುವವನು ನಮ್ಮ ಶತ್ರುವಲ್ಲ. ‘ನೀರು’ ಅನ್ನು. ಮೂರನೇ ದಿನಕ್ಕೆ ನೀರೇ ತರುತ್ತಾನೆ.

ಇಂಗ್ಲಿಷ್ ಪದಗಳನ್ನೆಲ್ಲ ಓಡಿಸು ಅಂತ ನಾನು ಹೇಳುತ್ತಿಲ್ಲ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರದ್ದು, ಹೆಸರೇ ಮಾವಳ್ಳಿ ಟಿಫಿನ್ ರೂಮ್ಸ್. ಟಿಫಿನ್ ನಮ್ಮದಾಯಿತು, ಕಾಫಿ ನಮ್ಮದಾಯಿತು. ‘ಬೈಟೂ’ ಎಂಬ ಪದವನ್ನು ಲಂಡನ್ನಿನಲ್ಲಿ ಹೇಳಿ ನೋಡು, ಯಾರಿಗೂ ತಿಳಿಯುವುದಿಲ್ಲ. ಅದು ಅಪ್ಪಟ ಕನ್ನಡ! ಒಂದು ಕಾಫಿ, ಎರಡು ಲೋಟ, ಇಬ್ಬರು ಸ್ನೇಹಿತರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಎಂ.ಟಿ.ಆರ್.ನವರು ಹೇಳುತ್ತಾರೆ. ಅಕ್ಕಿ ಸಿಗದಾಗ ಇಡ್ಲಿ ಬಿಡಲಿಲ್ಲ ನೋಡು, ದಾರಿ ಹುಡುಕಿದರು.

ಇನ್ನೊಂದು ಮಾತು. ಹಳೆಯ ಹೋಟೆಲಿನಲ್ಲಿ ಕೂತು ತಿನ್ನುವಾಗ ಮಾತಾಡಲೇಬೇಕಿತ್ತು. ಚಟ್ನಿ ಇನ್ನೊಂದು ಸ್ವಲ್ಪ, ದೋಸೆ ಗರಿಯಾಗಿರಲಿ, ಕಾಫಿಗೆ ಸಕ್ಕರೆ ಕಮ್ಮಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ನಿಂತು ತಿನ್ನು, ಚೀಟಿ ಕೊಡು, ನಡಿ. ಬಡವನಿಗೆ, ಆಫೀಸಿಗೆ ಓಡುವವನಿಗೆ ಅದು ದೊಡ್ಡ ಉಪಕಾರ, ತಪ್ಪು ಹೇಳಲಾರೆ. ಆದರೆ ಮಾತು ಅರ್ಧ ಆಯಿತು. ಈಗ ಗಾಜಿನ ಪರದೆ ಒತ್ತಿ ಆರ್ಡರ್ ಕೊಡುವ ಯಂತ್ರ ಬಂದಿದೆ, ಉಳಿದರ್ಧವೂ ಹೋಯಿತು.

ಮಾತಾಡುವ ಹೋಟೆಲುಗಳೂ ಒಂದೊಂದಾಗಿ ಹೋಗುತ್ತಿವೆ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಿಂದ ನಡೆದದ್ದು 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಕೊನೆಯ ದಿನಗಳಲ್ಲಿ ಜನವೋ ಜನ. ಬದುಕಿದ್ದಾಗ ಬಾರದವರು ಸಾವಿಗೆ ಬಂದ ಹಾಗೆ.

ಒಂದು ದಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಬಾ. ಸಾಂಬಾರು ಕೇಳಬೇಡ, ಅಲ್ಲಿ ಇಡ್ಲಿಗೆ ಚಟ್ನಿ ಮಾತ್ರ. ‘ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಖಾರಾಬಾತ್’ ಅಂತ ಬಾಯಿ ಬಿಟ್ಟು ಹೇಳು. ಬೇರೆ ಯಾವುದೇ ಹೋಟೆಲಿನಲ್ಲಿ ಇಂಗ್ಲಿಷ್ ಕಾರ್ಡು ಕೊಟ್ಟರೆ ತಿರುಗಿಸಿ ‘ಕನ್ನಡದ್ದು ಕೊಡಿ’ ಅನ್ನು, ಜಗಳ ಬೇಡ, ನಗುತ್ತಲೇ ಕೇಳು. ಇಲ್ಲ ಅಂದರೆ ಮುಂದಿನ ವಾರ ಮತ್ತೆ ಹೋಗಿ ಮತ್ತೆ ಕೇಳು. ಹತ್ತು ಜನ ಕೇಳಿದರೆ ಮಾಲೀಕ ಪ್ರೆಸ್ಸಿಗೆ ಓಡಿ ಬರುತ್ತಾನೆ, ನನಗೆ ಈ ಜನ ಗೊತ್ತು.

ಬಂದರೆ ನನ್ನ ಕಡೆಯಿಂದ ಇಷ್ಟು. ಮೆನುವಿನ ಕನ್ನಡದ ಮಗ್ಗುಲಿಗೆ ಡಿ.ಟಿ.ಪಿ. ಚಾರ್ಜು ಇಲ್ಲ, ಅಚ್ಚಿನ ಕೂಲಿ ಇಲ್ಲ. ಕಾಗದದ ದುಡ್ಡು ಮಾತ್ರ. ಉಪ್ಪಿಟ್ಟಿನ ಎರಡು ಒತ್ತಕ್ಷರವನ್ನು ನಾನೇ ಕೂತು ತಿದ್ದುತ್ತೇನೆ.