ಕೂಗುವುದಕ್ಕಿಂತ ಕೇಳುವುದು ಮೇಲು

ನಮ್ಮ ಕಾಲೇಜಿನಲ್ಲಿ ಒಂದು ಹವ್ಯಾಸಿ ರೇಡಿಯೋ ಸಂಘವಾಗಲಿ ಎಂದು ಬಯಸುವವರಲ್ಲಿ ನಾನೂ ಒಬ್ಬನು. ಆದರೆ ಈ ಮಾತು ಎತ್ತಿದಾಗಲೆಲ್ಲ ಮಿತ್ರರು ಕೇಳುವ ಮೊದಲ ಪ್ರಶ್ನೆ, “ಎಷ್ಟು ವ್ಯಾಟಿನ ಯಂತ್ರ ತರೋಣ?” ಎಂಬುದು. ಕಲಾ ವಿಭಾಗದ ವಿದ್ಯಾರ್ಥಿಯಾದರೂ ಓದಿ ತಿಳಿದಷ್ಟನ್ನು ಆಧರಿಸಿ ಹೇಳುತ್ತೇನೆ: ಮೊದಲು ಕೇಳಬೇಕಾದುದು ಅದಲ್ಲ. “ಆಂಟೆನಾ ಎಂತಹದು, ಅದರ ಸುತ್ತಲ ಗದ್ದಲವೆಷ್ಟು?” ಎಂದು ಕೇಳಬೇಕು.

ಆಂಟೆನಾದ ‘ಗೇನ್’ ಎಂದರೆ ಹೊಸ ಶಕ್ತಿಯ ಹುಟ್ಟಲ್ಲ. ದೀಪದ ಹಿಂದೆ ಕನ್ನಡಿಯಿಟ್ಟರೆ ಎಣ್ಣೆಯೇನೂ ಹೆಚ್ಚುವುದಿಲ್ಲ. ಚದುರಿ ಹೋಗುತ್ತಿದ್ದ ಬೆಳಕು ಒಂದು ದಿಕ್ಕಿಗೆ ಒಟ್ಟಾಗುತ್ತದೆ, ಅಷ್ಟೆ. 1926ರಲ್ಲಿ ಜಪಾನಿನ ಯಾಗಿ ಮತ್ತು ಉಡಾ ಎಂಬವರು ಜಗತ್ತಿಗೆ ತಿಳಿಸಿದ ಆಂಟೆನಾ ಮಾಡುವುದೂ ಇದನ್ನೇ. 3 ಡೆಸಿಬೆಲ್ ಗೇನ್ ಎಂದರೆ ಆ ದಿಕ್ಕಿಗೆ ಇಮ್ಮಡಿ. 10 ಡೆಸಿಬೆಲ್ ಎಂದರೆ ಹತ್ತು ಪಟ್ಟು. ಕಳಿಸುವಾಗ ಸಿಗುವ ಈ ಲಾಭ ಕೇಳುವಾಗಲೂ ಅಷ್ಟೇ ಸಿಗುತ್ತದೆ.

ಗದ್ದಲದ ನಡತೆ ಹಾಗಲ್ಲ. ಅದು ಕೇಳುವವನನ್ನು ಮಾತ್ರ ಕಾಡುತ್ತದೆ. ಬೆಳಗಾವಿಯ ಮನೆಮನೆಯ ಎಲ್‌ಇಡಿ ದೀಪಗಳು, ಚಾರ್ಜರುಗಳು, ಇನ್‌ವರ್ಟರುಗಳು, ಉದ್ಯಮಬಾಗದ ಯಂತ್ರಗಳು, ಇವೆಲ್ಲ ಸೇರಿ ನಮ್ಮ ಆಕಾಶವನ್ನು ಸಂಜೆಯ ಖಡೇಬಜಾರವನ್ನಾಗಿ ಮಾಡಿವೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲಿ ನಗರದ ರೇಡಿಯೋ ಗದ್ದಲ ಗ್ರಾಮಾಂತರದ್ದಕ್ಕಿಂತ ಸುಮಾರು 10 ಡೆಸಿಬೆಲ್ ಹೆಚ್ಚು. ಇದರ ಅರ್ಥವೇನು? ಬೆಳಗಾವಿಯಿಂದ 10 ವ್ಯಾಟಿನಲ್ಲಿ ಆಡಿದ ಮಾತು ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದ ಕಾಡಂಚಿನಲ್ಲಿ ಎಷ್ಟು ಸ್ಪಷ್ಟವೋ, ಅಲ್ಲಿಯ ಮಾತು ಇಲ್ಲಿ ಅಷ್ಟೇ ಸ್ಪಷ್ಟವಾಗಬೇಕಾದರೆ ಅವರು 100 ವ್ಯಾಟು ಸುರಿಯಬೇಕು. ಪೇಟೆಯ ಮಾತು ಹಳ್ಳಿಗೆ ಕೇಳುತ್ತದೆ, ಹಳ್ಳಿಯ ಮಾತು ಪೇಟೆಗೆ ಕೇಳದು!

ಇದು ವಿನೋದದ ಮಾತಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆ ಕಂಡ ಪ್ರವಾಹವನ್ನು ಯಾರೂ ಮರೆತಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ಹಳ್ಳಗಳು ತುಂಬಿ ಕಾಡಿನ ಊರುಗಳ ಹಾದಿ ಮುಚ್ಚುವ ಕಾಲ. ಮೊಬೈಲ್ ಇದೆಯಲ್ಲ ಎನ್ನಬಹುದು. ಅದರ ಗೋಪುರಕ್ಕೂ ವಿದ್ಯುತ್ತು ಬೇಕು. ದಿನಗಟ್ಟಲೆ ವಿದ್ಯುತ್ತಿಲ್ಲದಿದ್ದರೆ ಅದೂ ಮೂಕ. ಅಂಥ ವೇಳೆ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಯಂತ್ರವೇ ಗತಿ. ಬ್ಯಾಟರಿಯನ್ನು ಉಳಿಸಿಕೊಳ್ಳಬೇಕಾದವನಿಗೆ “ಇನ್ನೂ ಗಟ್ಟಿಯಾಗಿ ಕೂಗು” ಎನ್ನುವುದು ನ್ಯಾಯವೇ?

ಹಾಗಾದರೆ ನಾವು ಮಾಡಬೇಕಾದುದೇನು? ಇಲ್ಲಿಯ ಯಂತ್ರದ ಧ್ವನಿ ಹೆಚ್ಚಿಸಿದರೆ ಮಾತಿನೊಡನೆ ಗದ್ದಲವೂ ಹೆಚ್ಚೀತು. ದಿಗಂತದತ್ತ ತಿರುಗಿಸಿದ ಯಾಗಿಗೆ ನಡುವಿನ ಗುಡ್ಡಗಳು ಅಡ್ಡ. ಆದರೆ 7 ಮೆಗಾಹರ್ಟ್ಸ್‌ಗೆ ಹೊಂದುವ ಸುಮಾರು 20 ಮೀಟರ್ ತಂತಿಯನ್ನು ಐದಾರು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದರೆ, ಅದರ ಅಲೆ ನೆಟ್ಟಗೆ ಮೇಲೇರಿ, ಹಗಲಿನಲ್ಲಿ ಅಯಾನುಗೋಳದಿಂದ ಮರಳಿ ಗುಡ್ಡದಾಚೆಗೂ ಇಳಿಯಬಲ್ಲದು, ರಾತ್ರಿ 3.5 ಮೆಗಾಹರ್ಟ್ಸ್‌ಗೆ ಇಳಿದು, ಅದಕ್ಕೆ ತಕ್ಕ ಇಮ್ಮಡಿ ಉದ್ದದ ತಂತಿ ಕಟ್ಟಬೇಕಾದೀತು. ಮೇಲಿನಿಂದ ಬರುವ ಮಾತಿಗೆ ಇಂಥ ತಂತಿಯ ಕಿವಿ ಚುರುಕು. ನೆಲದುದ್ದಕ್ಕೂ ಹರಿದು ಬರುವ ಪೇಟೆಯ ಗದ್ದಲಕ್ಕೆ ಅಷ್ಟು ಚುರುಕಲ್ಲ. ಅದನ್ನು ವಿದ್ಯುತ್ ತಂತಿಗಳಿಂದ ದೂರ, ಊರ ಹೊರಗಿನ ಬಯಲಿನಲ್ಲಿ ಕಟ್ಟಿದರಂತೂ ಇನ್ನೂ ಲೇಸು. ಮಿಂಚಿನ ಚಿಟಪಟಕ್ಕೆ ಮಾತ್ರ ಮದ್ದಿಲ್ಲ; ಮತ್ತೆ ಮತ್ತೆ ಹೇಳಿ, ಮತ್ತೆ ಮತ್ತೆ ಕೇಳಬೇಕು.

ಪರವಾನಗಿಯಿಲ್ಲದೆ ಮಾತನಾಡುವಂತಿಲ್ಲ, ಕೇಂದ್ರ ಸರಕಾರದ ಪರೀಕ್ಷೆಗೆ ನಮ್ಮಲ್ಲಿ ನಾಲ್ವರಾದರೂ ಕೂಡಬೇಕು. ಸಂಘಕ್ಕೆ ಹಣ ಒದಗಿದಲ್ಲಿ ಅದರ ಮೊದಲ ಪಾಲು ತಂತಿಗೂ ನಿಶ್ಶಬ್ದವಾದ ಜಾಗಕ್ಕೂ ಸಲ್ಲಲಿ. ಉಳಿದುದರಲ್ಲಿ ಯಂತ್ರ ಕೊಳ್ಳೋಣ. ದುರ್ಬಲನ ಮಾತು ಕೇಳಿಸದಿದ್ದರೆ, ತನ್ನ ಗದ್ದಲವನ್ನು ತಗ್ಗಿಸಿಕೊಳ್ಳುವ ಹೊಣೆ ಕೇಳುವವನದೇ. ಗುರುಗಳೂ ಮಿತ್ರರೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.