ಸೊಪ್ಪು, ಮದ್ದು, ಹೃದಯ

ಕಕ್ಕಡ ಮಾಸವು ಬಂದಿತೆಂದರೆ ಕೊಡಗಿನ ಮನೆಮನೆಗಳಲ್ಲಿ ಮದ್ದುಸೊಪ್ಪಿನ ಮಾತೇ ಮಾತು. ಆಗಸ್ಟ್ ತಿಂಗಳ 3ನೆಯ ತಾರೀಖಿನ ಸುಮಾರಿಗೆ ಒದಗುವ ‘ಕಕ್ಕಡ ಪದಿನೆಟ್ಟ್’ ದಿವಸದಂದು ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ನೆಲಸಿರುವುವೆಂದು ಹಿರಿಯರ ನಂಬಿಕೆ. ಕಾಂಡಸಹಿತವಾಗಿ ಎಲೆಗಳನ್ನು ಕುದಿಸಿದರೆ ನೀರು ಕಡುನೇರಿಳೆಯಾಗುವುದು. ಆ ನೀರಿನಲ್ಲಿ ಅಕ್ಕಿಯನ್ನು ಬೇಯಿಸಿ, ಬೆಲ್ಲ ತೆಂಗಿನಹಾಲುಗಳನ್ನು ಕೂಡಿಸಿ ಪಾಯಸವನ್ನು ಮಾಡುವರು. ಮದ್ದುಪುಟ್ಟನ್ನು ಜೇನುತುಪ್ಪದೊಡನೆ ಉಣ್ಣುವರು. ಅರೆಭಾಷೆಯ ಗೌಡರ ಮನೆಗಳಲ್ಲಿ ಇದಕ್ಕೇ ಆಟಿ ಪಾಯಸವೆಂದು ಹೆಸರು.

ಈ ಮಾಸದಲ್ಲಿ ಕೊಡಗಿನ ಸೋದರಿಯೊಬ್ಬರು ನಮ್ಮನ್ನು ಕೇಳಿರುವ ಪ್ರಶ್ನೆಯು ಈ ಸೊಪ್ಪಿಗೇ ಸಂಬಂಧಿಸಿದುದು. ಅವರ ತಾಯಿಯವರಿಗೆ ಸ್ತನದ ಅರ್ಬುದರೋಗಕ್ಕಾಗಿ, ಅಂದರೆ ಕ್ಯಾನ್ಸರಿಗಾಗಿ, ಕೆಂಪುಬಣ್ಣದ ಮದ್ದನ್ನು ನರದ ಮೂಲಕ ಕೊಡುತ್ತಿರುವರಂತೆ. ಅದರಿಂದ ಹೃದಯಕ್ಕೆ ಕೇಡಾಗಬಹುದೆಂದು ವೈದ್ಯರು ಎಚ್ಚರಿಸಿರುವರಂತೆ. “ಮದ್ದುಸೊಪ್ಪು, ಒಂದೆಲಗಗಳ ರಸವನ್ನು ದಿನವೂ ಕುಡಿಸಿದರೆ ಹೃದಯವು ಉಳಿಯುವುದಲ್ಲವೆ?” ಎಂಬುದು ಅವರ ಪ್ರಶ್ನೆ. ಇಂತಹ ಸಂಕಟವು ಇಂದು ಅನೇಕ ಮನೆಗಳಲ್ಲಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ವಿಚಾರಿಸುವೆವು.

ಮೊದಲು ಆ ಕೆಂಪು ಮದ್ದಿನ ವಿಷಯ. ಅದರ ಹೆಸರು ಡಾಕ್ಸೊರೂಬಿಸಿನ್. ಇಟಲಿ ದೇಶದ ಸಂಶೋಧಕರು 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಪಡೆದರು. ಅಲ್ಲಿಯ ಏಡ್ರಿಯಾಟಿಕ್ ಸಮುದ್ರದ ನೆನಪಿಗಾಗಿ ಏಡ್ರಿಯಾಮೈಸಿನ್ ಎಂಬ ಹೆಸರೂ ಇದಕ್ಕೆ ಬಂದಿತು. ಇದು ಅಸಂಖ್ಯಾತ ರೋಗಿಗಳ ಪ್ರಾಣವನ್ನು ಉಳಿಸಿದೆ. ಆದರೆ ಕೊಟ್ಟ ಮೊತ್ತವು ಏರಿದಂತೆಲ್ಲ ಹೃದಯದ ಸ್ನಾಯುವಿಗೆ ಅಪಾಯವೂ ಏರುವುದು. 2003ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಗಣನೆಯಂತೆ, ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಮು ಸೇರಿದಾಗ ನೂರರಲ್ಲಿ ಸುಮಾರು 5 ಮಂದಿಗೂ, 550 ಸೇರಿದಾಗ 26 ಮಂದಿಗೂ, 700 ಸೇರಿದಾಗ 48 ಮಂದಿಗೂ ಹೃದಯವು ಬಲಗುಂದುವುದು. ಆದುದರಿಂದಲೇ ವೈದ್ಯರು ಪ್ರತಿ ಸಲವೂ ಮೊತ್ತವನ್ನು ಲೆಕ್ಕವಿಟ್ಟು ಮಿತಿಯೊಳಗೆ ನಿಲ್ಲಿಸುವರು.

ಕೇಡಾಗುವ ಬಗೆಯು ಹೀಗೆ: ಈ ಮದ್ದು ಜೀವಕಣಗಳೊಳಗಿನ ಕಬ್ಬಿಣದೊಡನೆ ಕೂಡಿ ಉಗ್ರವಾದ ಆಮ್ಲಜನಕದ ಕಣಗಳನ್ನು ಹುಟ್ಟಿಸುವುದು, ಲೋಹಕ್ಕೆ ತುಕ್ಕು ಹಿಡಿದಂತೆ ಹೃದಯದ ಸ್ನಾಯು ಸವೆಯುವುದು. ಇದನ್ನು ತಡೆಯುವ ಸಾಧನಗಳು ಹೃದಯದಲ್ಲಿ ಸಹಜವಾಗಿಯೇ ಕಡಮೆ. ಇದಲ್ಲದೆ ಜೀವಕಣದ ವಂಶತಂತುವನ್ನು ಬಿಡಿಸುವ ಒಂದು ಕಿಣ್ವವನ್ನೂ ಇದು ಕೆಡಿಸುವುದು. ತುಕ್ಕನ್ನು ತಡೆಯುವ ವಸ್ತುಗಳು ಹಸುರೆಲೆಗಳಲ್ಲಿ ಹೇರಳವಾಗಿರುವುದರಿಂದ ವಿಜ್ಞಾನಿಗಳ ದೃಷ್ಟಿಯು ಸೊಪ್ಪಿನ ಕಡೆಗೆ ಹರಿಯಿತು. ಚೆನ್ನೈಯ ಸಂಶೋಧಕರು 2004ರಲ್ಲಿ ಇದೇ ಮದ್ದನ್ನು ಇಲಿಗಳಿಗೆ ಕೊಟ್ಟು, ಜೊತೆಗೆ ಒಂದೆಲಗದ ಸಾರವನ್ನೂ ಉಣಿಸಿ, ಹೃದಯದ ಹಾನಿಯು ತಗ್ಗಿದುದನ್ನು ಕಂಡರು. ನಮ್ಮ ಮದ್ದುಸೊಪ್ಪಿನಲ್ಲಿಯೂ ತುಕ್ಕುತಡೆಯುವ ಗುಣವು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಅಂದಮೇಲೆ ರಸವನ್ನು ಕುಡಿಸಲು ಅಡ್ಡಿಯೇನು ಎನ್ನುವಿರಾ? ಅಡ್ಡಿಯುಂಟು. ಇಲಿಗೆ ಕೊಟ್ಟುದು ಅಳತೆಯಿಟ್ಟು ತೆಗೆದ ಸಾರ. ನಾವು ಬಟ್ಟಲಲ್ಲಿ ಹಿಂಡುವುದು ಅಳತೆಯಿಲ್ಲದ ರಸ. ಅದಕ್ಕಿಂತಲೂ ಮುಖ್ಯವಾದ ಸಂಶಯವೊಂದಿದೆ. ಹೃದಯವನ್ನು ಕಾಯುವ ವಸ್ತುವು ಅರ್ಬುದದ ಕಣಗಳನ್ನೂ ಕಾಯಬಹುದಲ್ಲವೆ? ಅಮೆರಿಕಾದಲ್ಲಿ ಸ್ತನದ ಅರ್ಬುದಕ್ಕೆ ಈ ಮದ್ದನ್ನು ಪಡೆದ ರೋಗಿಗಳನ್ನು ಕುರಿತ ಅಧ್ಯಯನವೊಂದು 2020ರಲ್ಲಿ ಅಚ್ಚಾಯಿತು. ಚಿಕಿತ್ಸೆಗೆ ಮೊದಲೂ ಚಿಕಿತ್ಸೆಯ ಕಾಲದಲ್ಲಿಯೂ ತುಕ್ಕುತಡೆಯ ಗುಳಿಗೆಗಳನ್ನು ನುಂಗಿದವರಲ್ಲಿ ರೋಗವು ಮರುಕಳಿಸುವ ಸಂಭವವು ಹೆಚ್ಚಾಗಿ ತೋರಿತು. ಅದು ನಿಸ್ಸಂದೇಹವಾದ ಸಿದ್ಧಾಂತವಲ್ಲ. ಆದರೂ ಎಚ್ಚರಕ್ಕೆ ಸಾಕು. ಗುಳಿಗೆಗೆ ಹೇಳಿದ ಮಾತು ಊಟದ ಪಲ್ಯಕ್ಕೆ ಅನ್ವಯಿಸದು. ಗಟ್ಟಿಯಾದ ರಸ, ಪುಡಿ, ಕಷಾಯಗಳಿಗೆ ಅನ್ವಯಿಸಬಹುದು.

ನಮ್ಮ ನುಡಿಯೇ ಈ ವಿವೇಕವನ್ನು ಬಲ್ಲದು. ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧವೂ ಹೌದು, ವಿಷವೂ ಹೌದು, ಬಂದೂಕಿನ ಪುಡಿಯೂ ಹೌದು. ಚರಕಸಂಹಿತೆಯಲ್ಲಿ ಸೊಪ್ಪುಗಳಿಗೆ ಶಾಕವರ್ಗವೆಂಬ ಬೇರೆ ಭಾಗವೇ ಇದೆ. ಅಲ್ಲಿಯೂ ಕೆಲವು ಸೊಪ್ಪುಗಳನ್ನು ಬೇಯಿಸಿ, ರಸವನ್ನು ಹಿಂಡಿ ತೆಗೆದು, ಜಿಡ್ಡನ್ನು ಕೂಡಿಸಿ ಉಣ್ಣಬೇಕೆಂದು ವಿಧಿಸಿದೆ. ಮದ್ದುಸೊಪ್ಪನ್ನೂ ಹಿರಿಯರು ವರ್ಷವಿಡೀ ಉಣ್ಣಲಿಲ್ಲ, ಕಾಲವನ್ನು ಗೊತ್ತುಮಾಡಿದರು. ಮಿತಿಯನ್ನು ಬಿಟ್ಟು ಗುಣವೊಂದನ್ನೇ ಹಿಡಿಯುವುದು ಸಂಪ್ರದಾಯವೂ ಅಲ್ಲ, ವಿಜ್ಞಾನವೂ ಅಲ್ಲ.

ಇನ್ನೊಂದು ಸಂಗತಿಯನ್ನು ಕೊಡಗಿನ ಗೃಹಿಣಿಯರು ವಿಶೇಷವಾಗಿ ಗಮನಿಸತಕ್ಕದ್ದು. ಮದ್ದುಪಾಯಸವನ್ನು ಉಂಡವರ ಮೂತ್ರವು ಕೆಂಪಾಗುವುದು ಎಲ್ಲರಿಗೂ ತಿಳಿದುದೇ. ಡಾಕ್ಸೊರೂಬಿಸಿನ್ ಕೊಟ್ಟ ಬಳಿಕವೂ ಒಂದೆರಡು ದಿನ ಹಾಗೆಯೇ ಕೆಂಪಾಗುವುದು. ಎರಡೂ ಕೂಡಿದರೆ, ನಡುವೆ ನಿಜವಾಗಿಯೇ ರಕ್ತವು ಬಿದ್ದರೂ ಮನೆಯವರಿಗೆ ತಿಳಿಯದೆ ಹೋದೀತು. ಆದುದರಿಂದ ಚಿಕಿತ್ಸೆಯಲ್ಲಿರುವವರು ಆ ವರ್ಷ ವೈದ್ಯರನ್ನು ಕೇಳದೆ ಪಾಯಸವನ್ನು ಉಣ್ಣದಿರುವುದು ಲೇಸು.

ಹಾಗಾದರೆ ಸೊಪ್ಪನ್ನೇ ಬಿಡಬೇಕೆ? ಖಂಡಿತ ಬೇಡ. ಡೆನ್ಮಾರ್ಕ್ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸುಮಾರು 23 ವರ್ಷಗಳ ಕಾಲ ಗಮನಿಸಿದ ಅಧ್ಯಯನವು 2021ರಲ್ಲಿ ಪ್ರಕಟವಾಯಿತು. ಸೊಪ್ಪು ಮೊದಲಾದ ತರಕಾರಿಗಳಿಂದ ಬರುವ ನೈಟ್ರೇಟನ್ನು ಹೆಚ್ಚಾಗಿ ಉಂಡವರಲ್ಲಿ ರಕ್ತದ ಒತ್ತಡವೂ ಹೃದ್ರೋಗಗಳೂ ಕಡಮೆಯಾಗಿದ್ದುವು. ದಿನಕ್ಕೆ ಒಂದು ಬಟ್ಟಲು ಸೊಪ್ಪೇ ಸಾಕೆಂದು ಅವರು ಅಭಿಪ್ರಾಯಪಟ್ಟರು. ಇದು ಸಾಮಾನ್ಯ ಜನರ ಮಾತೇ ಹೊರತು ಕೆಂಪು ಮದ್ದನ್ನು ಪಡೆಯುವವರದಲ್ಲ. ಆದರೂ ಬಲವಾದ ಹೃದಯವಿದ್ದವರು ಕಠಿನ ಚಿಕಿತ್ಸೆಯನ್ನು ಸುಲಭವಾಗಿ ತಾಳಿಕೊಳ್ಳುವರೆಂಬುದು ಸ್ಪಷ್ಟ.

ರೋಗಿಯಿರುವ ಮನೆಯವರು ಹೀಗೆ ನಡೆಯಬಹುದು. ಹರಿವೆ, ಬಸಳೆ, ನುಗ್ಗೆ, ತೆರ್ಮೆತೊಪ್ಪು ಇವುಗಳಲ್ಲಿ ದೊರೆತುದನ್ನು ಚೆನ್ನಾಗಿ ತೊಳೆದು ಬೇಯಿಸಿ, ಪಲ್ಯವಾಗಿಯೋ ಸಾರಾಗಿಯೋ ಬಡಿಸಿರಿ. ಚಿಕಿತ್ಸೆಯಲ್ಲಿ ರಕ್ತದ ಬಿಳಿಕಣಗಳು ತಗ್ಗಿರುವುದರಿಂದ ಮಳೆಗಾಲದ ಹಸಿಸೊಪ್ಪೂ ಹಸಿರಸವೂ ಬೇಡ. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆಯನ್ನು ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಹಠಾತ್ತಾಗಿ ಏರಿಸಲೂಬಾರದು, ಇಳಿಸಲೂಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಆ ಗುಳಿಗೆಗೆ ಎದುರಾಳಿ. ಕೆಂಪು ಮದ್ದಿನ ಒಟ್ಟು ಮೊತ್ತವೆಷ್ಟಾಯಿತೆಂದು ಪ್ರತಿ ಸಲವೂ ಕೇಳಿ ಬರೆದಿಡಿರಿ. ಹೃದಯದ ಪ್ರತಿಧ್ವನಿ ಪರೀಕ್ಷೆಯನ್ನು, ಅಂದರೆ ಎಕೋವನ್ನು, ತಪ್ಪಿಸಬೇಡಿರಿ. ಡೆಕ್ಸ್‌ರಜೊಕ್ಸೇನ್ ಎಂಬ ರಕ್ಷಕವಾದ ಮದ್ದೊಂದಿದ್ದು, ತಕ್ಕವರಿಗೆ ವೈದ್ಯರೇ ಅದನ್ನು ಕೊಡುವರು. ಏರುಸಿರು, ಪಾದಗಳ ಬಾವು, ಎದೆಬಡಿತಗಳು ಕಂಡರೆ ಚಿಕಿತ್ಸೆಯು ಮುಗಿದು ವರ್ಷಗಳು ಕಳೆದಿದ್ದರೂ ಉದಾಸೀನ ಮಾಡಕೂಡದು.

ಮನೆಯಲ್ಲಿ ಕೊಡುವ ರಸ, ಕಷಾಯಗಳಾವುವನ್ನೂ ವೈದ್ಯರಿಂದ ಮರೆಮಾಡಬೇಡಿರಿ. ಸಂಕೋಚದಿಂದ ಮುಚ್ಚಿಟ್ಟ ಒಂದು ಬಟ್ಟಲು ರಸವು ಅವರ ಲೆಕ್ಕವನ್ನೆಲ್ಲ ತಪ್ಪಿಸಬಲ್ಲದು. ಸೊಪ್ಪು ತಟ್ಟೆಯಲ್ಲಿರಲಿ, ಮದ್ದಿನ ಅಳತೆಯು ವೈದ್ಯರ ಕೈಯಲ್ಲಿರಲಿ.